ಚಿತ್ತೆ ಮಳೆ, ಕೆಸರು ಬಯಲು, ಆರು ತಮಟೆ

ಮೊನ್ನೆ ಭಾನುವಾರ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಜಾನಪದ ಉತ್ಸವಕ್ಕೆ ನಮ್ಮ ತಮಟೆ ಮತ್ತು ಪೂಜಾ ಕುಣಿತದ ತಂಡ ಹೋಗಿ ಬಂತು. ಬೆಳಿಗ್ಗೆ 7ಕ್ಕೆ ಹೊರಟವರು ವಾಪಸ್ ಊರು ಸೇರಿದ್ದು ರಾತ್ರಿ ಹನ್ನೆರಡೂವರೆಗೆ. ಅಷ್ಟು ಹೊತ್ತಿನಲ್ಲಿ ಬಾರಿಸಿದ್ದು ಒಟ್ಟು ಒಂದು ಗಂಟೆ ಹತ್ತು ನಿಮಿಷ. ಉಳಿದದ್ದೆಲ್ಲ ಕಾಯುವುದು, ಚರ್ಮ ಕಾಯಿಸುವುದು, ಕೆಸರು ತೊಳೆಯುವುದು. ಈ ಹಂಗಾಮಿನಲ್ಲಿ ಮೊದಲ ಸಲ ಬಯಲು ಕಾರ್ಯಕ್ರಮ ಒಪ್ಪಿಕೊಂಡಿರುವ ಹೊಸ ತಂಡಗಳು ಬಹಳ ಇವೆ. ನಾವು ಪಟ್ಟ ಪಾಡು ಅವರು ಪಡದಿರಲಿ ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ವರ್ಷದ ದೊಡ್ಡ ಮಳೆ. ಹಸ್ತ, ಚಿತ್ತೆ, ಸ್ವಾತಿ ಮೂರೂ ಬಂದು ಬೀಳುವುದು ದಸರೆಯಿಂದ ರಾಜ್ಯೋತ್ಸವದವರೆಗಿನ ಕಾರ್ಯಕ್ರಮಗಳ ಮೇಲೆಯೇ. ಬೆಳಿಗ್ಗೆ ಬಿಸಿಲು ಕಾಯುತ್ತದೆ, ಊಟದ ಹೊತ್ತಿಗೆ ಮೋಡ ಕಟ್ಟುತ್ತದೆ, ಸಂಜೆ ಸುರಿಯುತ್ತದೆ. ಹಾಗಾಗಿ ಬೆಳಗಿನ ಆಕಾಶ ನೋಡಿ ಸಾಮಾನು ಕಟ್ಟಬೇಡಿ. ಮಳೆ ಬಂದೇ ಬರುತ್ತದೆ ಅಂದುಕೊಂಡೇ ಕಟ್ಟಿ.

ತಂಡದಲ್ಲಿ ಹತ್ತು ಜನ. ತಮಟೆಗೆ ಆರು, ನಗಾರಿಗೆ ಒಬ್ಬ, ಪೂಜೆ (ತಲೆಯ ಮೇಲೆ ಹೊರುವ ದೇವಿಯ ಚೌಕಟ್ಟು) ಹೊರುವವರು ಇಬ್ಬರು, ಹಾಡಿಗೆ ಒಬ್ಬರು. ಮೂರು ದಿನ ಮುಂಚೆ ಆಯೋಜಕರ ಫೋನ್ ಬಂದಾಗ ಕೇಳಿಕೊಂಡದ್ದು ನಾಲ್ಕು ಸಂಗತಿ: ಮೆರವಣಿಗೆಯೋ ವೇದಿಕೆಯೋ ಎರಡೂನೋ, ನೆಲ ಎಂಥದು, ಗಾಡಿ ಎಲ್ಲಿವರೆಗೆ ಬರುತ್ತದೆ, ಬೆಂಕಿ ಹಾಕಲು ಮಾಡಿನ ಕೆಳಗೆ ಜಾಗ ಇದೆಯೇ. ಕೊನೆಯ ಪ್ರಶ್ನೆಗೆ "ಎಲ್ಲಾ ಅದೆ ಬನ್ನಿ ಯಜಮಾನ್ರೇ" ಎಂಬ ಉತ್ತರ ಸಿಕ್ಕಿತು. ಹೋಗಿ ನೋಡಿದರೆ ಇರಲಿಲ್ಲ. ಇಂಥದ್ದನ್ನು ಬಾಯಿಮಾತಿಗೆ ಬಿಡದೆ ಫೋಟೊ ತರಿಸಿಕೊಳ್ಳುವುದು ಮೇಲು.

ಕಾಗದಪತ್ರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹತ್ತೂ ಜನರ ಆಧಾರ್ ನಕಲು, ಕಲಾವಿದರ ಗುರುತಿನ ಚೀಟಿ ಇದ್ದವರದ್ದು ಅದರ ನಕಲು, ತಂಡದ ಮುಖ್ಯಸ್ಥರ ಪ್ಯಾನ್, ಐಎಫ್‌ಎಸ್‌ಸಿ ಕಾಣುವ ಹಾಗೆ ಪಾಸ್‌ಬುಕ್ಕಿನ ಮೊದಲ ಪುಟ, ಆಹ್ವಾನ ಪತ್ರ, ಎರಡು ಖಾಲಿ ರಸೀದಿ, ನಾಲ್ಕು ರೆವಿನ್ಯೂ ಸ್ಟಾಂಪು. ಇವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆ ಕವರನ್ನು ಇನ್ನೊಂದು ಕವರಿನಲ್ಲಿ ಹಾಕಿ, ಕುಣಿಯದ ಒಬ್ಬರ ಹತ್ತಿರ ಕೊಡಿ. ಸ್ಟಾಂಪು ಥಂಡಿಗೆ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ, ಅದಕ್ಕೇ ನಾಲ್ಕು. ಪ್ಯಾನ್ ಕೊಡದಿದ್ದರೆ ತೆರಿಗೆ ಕಡಿತ 20 ಶೇಕಡಕ್ಕೆ ಹೋಗುತ್ತದೆ. ಹತ್ತು ಜನರ ದುಡ್ಡಿನಲ್ಲಿ ಅದು ಸಣ್ಣ ಮೊತ್ತವಲ್ಲ.

ಹಿಂದಿನ ರಾತ್ರಿ ತಮಟೆಗಳನ್ನು ಒಲೆ ಇರುವ ಕೋಣೆಯ ಗೋಡೆಗೆ ತೂಗುಹಾಕಿದ್ದೆವು. ಬೆಳಿಗ್ಗೆ ಒಂದೊಂದನ್ನೂ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕಟ್ಟಿದೆವು. ಬರೀ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೇ ಬೆವರಿ ಚರ್ಮ ಇನ್ನೂ ಮೆತ್ತಗಾಗುತ್ತದೆ. ಉರುವಲೂ ಮನೆಯಿಂದಲೇ: ಎರಡು ಚೀಲ ಒಣ ಕಬ್ಬಿನ ಸೋಗೆ, ಒಂದು ಹೊರೆ ಭತ್ತದ ಹುಲ್ಲು, ಒಂದು ಚೀಲ ಇದ್ದಿಲು, ಒಂದು ಹಳೆಯ ಬಾಂಡ್ಲಿ. ಮಳೆಗಾಲದಲ್ಲಿ ಬೇರೆ ಊರಿಗೆ ಹೋಗಿ ಒಣ ಹುಲ್ಲು ಹುಡುಕುವುದು ಆಗದ ಕೆಲಸ.

ಬಯಲಿರುವುದು ನಾಲೆಯ ಏರಿಯ ಕೆಳಗೆ. ಹಿಂದಿನ ವರ್ಷ ಗದ್ದೆಯಾಗಿದ್ದ ನೆಲ, ಮೇಲೆ ಒಂದು ಲೋಡು ಮಣ್ಣು ಹೊಡೆದು ಸಮ ಮಾಡಿದ್ದರು. ಅಂಥ ನೆಲ ಮೇಲೆ ಗಟ್ಟಿ ಕಂಡರೂ ಹೊಸ ಮಣ್ಣು ಒಂದು ಮಳೆಗೇ ಹೂತುಹೋಗುವ ಕೆಸರಾಗುತ್ತದೆ. ಒಂಬತ್ತೂವರೆಗೆ ತಲುಪಿದಾಗ ಬಿಸಿಲಿತ್ತು. ಆದರೂ ಡ್ರೈವರಿಗೆ ಹೇಳಿ ಟೆಂಪೊ ಟ್ರಾವೆಲರನ್ನು ಡಾಂಬರು ರಸ್ತೆಯಲ್ಲೇ, ಮೂತಿ ಮಂಡ್ಯದ ಕಡೆ ತಿರುಗಿಸಿ ನಿಲ್ಲಿಸಿದೆವು. ಸಾಮಾನು ಮುನ್ನೂರು ಹೆಜ್ಜೆ ಹೊರಬೇಕಾಯಿತು. ಬಯಲೊಳಗೇ ನಿಲ್ಲಿಸಿಕೊಂಡಿದ್ದ ಮೂರು ಗಾಡಿಗಳನ್ನು ರಾತ್ರಿ ಟ್ರ್ಯಾಕ್ಟರ್ ತಂದು ಎಳೆಸಿದರು, ಗಾಡಿಗೆ 500 ರೂಪಾಯಿಯ ಹಾಗೆ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬಾರದು, ಒತ್ತಿದಷ್ಟೂ ಗುಂಡಿ ತೋಡಿಕೊಳ್ಳುತ್ತದೆ. ಎಳೆತ ಇರುವ ಚಕ್ರದ ಮುಂದೆ ಗೋಣಿಚೀಲ ಹಾಸಿ, ಎರಡನೇ ಗೇರಿನಲ್ಲಿ ನಿಧಾನ ಎತ್ತಬೇಕು.

ಮೆರವಣಿಗೆ ಹತ್ತೂವರೆಗೆ ಎಂದು ಪತ್ರದಲ್ಲಿತ್ತು. ಹತ್ತು ಗಂಟೆಗೇ ಒಬ್ಬ ಹುಡುಗ ಓಡಿ ಬಂದು "ಅಣ್ಣಾ, ಹೊಂಡ್ತಾವ್ರೆ, ರೆಡಿ ಆಗ್ರಣ್ಣ" ಅಂದ. ನಾವು ತಪ್ಪು ಮಾಡಿದ್ದು ಇಲ್ಲಿಯೇ. ಆ ಮಾತು ನಂಬಿ ಸೋಗೆಗೆ ಬೆಂಕಿ ಹಾಕಿ ಆರೂ ತಮಟೆ ಕಾಯಿಸಿದೆವು. ಅತಿಥಿಗಳು ಬಂದದ್ದು, ಮೆರವಣಿಗೆ ಹೊರಟದ್ದು ಒಂದೂಕಾಲಿಗೆ. ಅಷ್ಟರಲ್ಲಿ ಹನ್ನೆರಡರಿಂದ ಮುಕ್ಕಾಲು ಗಂಟೆ ಮಳೆ ಹೊಡೆದು ತಮಟೆಗಳೆಲ್ಲ ಮತ್ತೆ ಮೆತ್ತಗಾಗಿದ್ದವು. ಒಂದೂವರೆ ಚೀಲ ಸೋಗೆ ಸುಮ್ಮನೆ ಉರಿದುಹೋಗಿತ್ತು.

ಚರ್ಮದ ಗುಣ ತಿಳಿದಿದ್ದರೆ ಈ ತಪ್ಪು ಆಗುವುದಿಲ್ಲ. ತಮಟೆಯ ಚರ್ಮ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಹಿಗ್ಗಿದಾಗ ಬಿಗಿ ಹೋಗಿ ಶ್ರುತಿ ಇಳಿಯುತ್ತದೆ. ಕಾಯಿಸಿದರೆ ತೇವ ಹಾರಿ ಕುಗ್ಗುತ್ತದೆ, ಕುಗ್ಗಿದಾಗ ತಮಟೆಯ ಸುತ್ತಿನ ಬಳೆಯ ಮೇಲೆ ಬಿಗಿದುಕೊಂಡು ಟಣ್ ಎನ್ನುತ್ತದೆ. ಬೇಸಗೆಯಲ್ಲಿ ಒಂದು ಸಲ ಕಾಯಿಸಿದ್ದು ಒಂದು ಗಂಟೆ ಬರುತ್ತದೆ. ಮಳೆ ನಿಂತ ಮೇಲಿನ ಒದ್ದೆ ಗಾಳಿಯಲ್ಲಿ ಹದಿನೈದು, ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ಹಾಗಾಗಿ ಎಷ್ಟು ಕಾಯಿಸಿದಿರಿ ಎನ್ನುವುದಕ್ಕಿಂತ ಯಾವಾಗ ಕಾಯಿಸಿದಿರಿ ಎನ್ನುವುದೇ ಮುಖ್ಯ. ಇನ್ನೊಂದು ಅಪಾಯವೂ ಇದೆ. ನಮ್ಮ ತಮಟೆಗಳ ಚರ್ಮವನ್ನು ಹುಣಸೆ ಬೀಜದ ಅಂಟಿನಲ್ಲಿ ಬಳೆಗೆ ಕೂರಿಸಿರುವುದು. ನೀರು ನೇರ ಅಂಚಿಗೆ ಇಳಿದರೆ ಆ ಅಂಟು ಕರಗಿ ಚರ್ಮ ಎದ್ದುಬರುತ್ತದೆ. ಮುಖ ನೆಂದರೆ ಒಣಗಿಸಬಹುದು, ಅಂಚು ಎದ್ದರೆ ಆ ದಿನಕ್ಕೆ ಆ ತಮಟೆ ಮುಗಿಯಿತು. ಮಳೆಯಲ್ಲಿ ತಮಟೆಯನ್ನು ಮುಖ ಕೆಳಗೆ ಮಾಡಿ, ಎದೆಗೆ ಅವಚಿ ಹಿಡಿಯಿರಿ. ತಲೆಯ ಮೇಲೆ ಕೊಡೆಯ ಹಾಗೆ ಮಾತ್ರ ಹಿಡಿಯಬೇಡಿ. ಹುಡುಗರು ಮಾಡುವುದೇ ಅದನ್ನು.

ಎರಡನೇ ಸಲ ಲೆಕ್ಕ ಇಟ್ಟುಕೊಂಡು ಕಾಯಿಸಿದೆವು. ಸೋಗೆಯ ಉರಿಗೆ ಒಂದು ಮೊಳ ದೂರದಲ್ಲಿ ಮುಖ ಒಡ್ಡಿ, ಚಕ್ರದ ಹಾಗೆ ನಿಧಾನ ತಿರುಗಿಸುತ್ತಾ, ನಡುನಡುವೆ ಅಂಗೈಯಿಂದ ಮುಖ ಸವರಬೇಕು. ಅಂಗೈಗೆ ಬಿಸಿ ತಾಳದಷ್ಟಾದರೆ ಹಿಂದಕ್ಕೆ ತೆಗೆಯಬೇಕು. ಒಂದಕ್ಕೆ ಮೂರು ನಿಮಿಷ. ಎರಡು ಕಡೆ ಬೆಂಕಿ ಹಾಕಿಕೊಂಡರೆ ಆರಕ್ಕೆ ಹತ್ತು ನಿಮಿಷ ಸಾಕು. ನಡುಮಧ್ಯ ಒಂದೇ ಜಾಗ ಕಾದರೆ ಅಲ್ಲಿ ಸೀದು, ನಾಲ್ಕು ಏಟಿಗೆ ಬಿರಿಯುತ್ತದೆ. ಬೆರಳ ಗೆಣ್ಣಿನಿಂದ ಅಂಚಿನ ನಾಲ್ಕು ಕಡೆ ತಟ್ಟಿ ನೋಡಿ, ನಾಲ್ಕೂ ಕಡೆ ಒಂದೇ ನಾದ ಬಂದರೆ ಆಯಿತು. ನಗಾರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದರ ಚರ್ಮ ದಪ್ಪ, ಉರಿಗೆ ಹಿಡಿದರೆ ಮೇಲೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಮಾಡಿ, ಇಪ್ಪತ್ತು ನಿಮಿಷ ಅದರ ಕಾವಿನಲ್ಲಿ ಇಡಬೇಕು. ಆಮೇಲೆ ಚರ್ಮ ಕಟ್ಟಿದ ಮಿಣಿಹಗ್ಗವನ್ನು ಇನ್ನೊಂದು ಸುತ್ತು ಎಳೆದು ಬಿಗಿಯಬೇಕು.

ಮೆರವಣಿಗೆ ಸುಮಾರು ಒಂದು ಕಿಲೋಮೀಟರು. ಊರ ಬಾಗಿಲಿಂದ ಬಯಲಿನವರೆಗೆ ಅರ್ಧ ಸಿಮೆಂಟ್ ರಸ್ತೆ, ಅರ್ಧ ಕೆಸರು. ತಮಟೆಯವರಿಗೆ ಕೆಸರು ಅಂಥ ತೊಂದರೆ ಕೊಡಲಿಲ್ಲ. ಕಷ್ಟ ಬಂದದ್ದು ಪೂಜೆಗೆ.

ಕಾಣದವರಿಗೆ ಹೇಳುವುದಾದರೆ, ಪೂಜೆ ಅಂದರೆ ಬಿದಿರಿನ ಚೌಕಟ್ಟು, ನಡುವೆ ಶಕ್ತಿದೇವತೆಯ ಮುಖ, ಸುತ್ತ ನೆರಿಗೆ ಹಿಡಿದು ಕಟ್ಟಿದ ಬಣ್ಣಬಣ್ಣದ ಸೀರೆ. ಅದನ್ನು ತಲೆಯ ಮೇಲಿಟ್ಟು, ಕೈ ಬಿಟ್ಟು, ತಮಟೆಯ ಗತ್ತಿಗೆ ಕುಣಿಯುವುದು. ಒಣಗಿದ್ದಾಗ ಒಂದು ತೂಕ, ಸೀರೆ ನೆಂದ ಮೇಲೆ ಇನ್ನೊಂದು ತೂಕ. ಅದೂ ಎಲ್ಲಾ ಕಡೆ ಸಮನಾಗಿ ನೆನೆಯುವುದಿಲ್ಲ. ಮಳೆ ಬಂದ ದಿಕ್ಕಿನ ಮಗ್ಗುಲು ಹೆಚ್ಚು ಭಾರವಾಗಿ ಪೂಜೆ ಅತ್ತ ವಾಲುತ್ತದೆ. ನಮ್ಮ ಪೂಜೆಗೆ ಎರಡು ಹತ್ತಿ ಸೀರೆ ಸೇರಿಸಿದ್ದೆವು, ಅವೇ ನೀರು ಕುಡಿದು ಜೋತುಬಿದ್ದವು. ಮಳೆಗಾಲಕ್ಕೆ ಆರಕ್ಕೆ ಆರೂ ನೈಲಾನ್ ಸೀರೆ ಇರಲಿ, ಕೊಡವಿದರೆ ಅರ್ಧ ನೀರು ಹೋಗುತ್ತದೆ. ಗಾಳಿ ಎದ್ದಾಗ ಪೂಜೆಯ ಮುಖವನ್ನು ಗಾಳಿಗೆ ಕೊಟ್ಟರೆ ಅದು ಹಾಯಿಯ ಹಾಗೆ ಹಿಂದಕ್ಕೆ ತಳ್ಳುತ್ತದೆ. ಪಕ್ಕೆ ಕೊಟ್ಟು ನಿಂತು, ಗಾಳಿ ಇಳಿದ ಮೇಲೆ ತಿರುಗಬೇಕು. ಜನಕ್ಕೆ ದೇವಿಯ ಮುಖ ಕಾಣಲಿ ಎಂದು ಯಾರಾದರೂ ಕೂಗಿದರೂ ತಿರುಗಬೇಡಿ.

ಕೆಸರಿಗೆ ಇಳಿದ ನಾಲ್ಕನೇ ಹೆಜ್ಜೆಗೇ ಪೂಜೆ ಹೊತ್ತವನ ಕಾಲು ಜಾರಿತು. ಪಕ್ಕದಲ್ಲೇ ನಡೆಯುತ್ತಿದ್ದ ಎರಡನೆಯವನು ಚೌಕಟ್ಟಿನ ಬುಡ ಹಿಡಿದುಕೊಂಡ. ಪೂಜೆ ನೆಲಕ್ಕೆ ತಾಗಲಿಲ್ಲ. ಆಗ ಎದೆ ಧಸಕ್ಕೆಂದದ್ದು ಈಗ ಬರೆಯುವಾಗಲೂ ನೆನಪಾಗುತ್ತದೆ. ಪೂಜೆಯನ್ನು ನಾವು ದೇವರೆಂದೇ ಹೊರುವುದು. ಅದು ಕೆಸರಿಗೆ ಬಿದ್ದಿದ್ದರೆ ಅವತ್ತಿನ ಸಂಭಾವನೆ ಎಷ್ಟಿದ್ದರೂ ಯಾರ ಮನಸ್ಸೂ ಸಮಾಧಾನವಾಗುತ್ತಿರಲಿಲ್ಲ. ಆಮೇಲೆ ನೋಡಿದರೆ ಜಾರಿದ್ದಕ್ಕೆ ಕಾಲಿನಷ್ಟೇ ಸಿಂಬಿಯೂ ಕಾರಣ. ಪೂಜೆಯ ಕೆಳಗೆ ತಲೆಗಿಡುವ ಬಟ್ಟೆಯ ಸಿಂಬಿ ನೆಂದು ಚಪ್ಪಟೆಯಾಗಿ ಪೂಜೆ ಒಂದು ಬೆರಳಷ್ಟು ಮುಂದಕ್ಕೆ ಸರಿದಿತ್ತು. ಅದನ್ನು ಸರಿದೂಗಿಸಲು ಅವನು ಹಿಮ್ಮಡಿಯ ಮೇಲೆ ಭಾರ ಹಾಕಿದ್ದ. ಕೆಸರಿನಲ್ಲಿ ಹಿಮ್ಮಡಿ ಮೊದಲು ಊರಿದರೆ ಜಾರುವುದು ಖಂಡಿತ. ಪಾದ ಪೂರ್ತಿ ಒಮ್ಮೆಗೇ ಊರಬೇಕು, ಮೊಣಕಾಲು ಸ್ವಲ್ಪ ಮಡಚಿರಬೇಕು, ಹೆಜ್ಜೆ ಗೇಣುದ್ದ ಇರಬೇಕು. ನಿಂತಲ್ಲೇ ಗಿರಕಿ ಬೇಡವೇ ಬೇಡ. ಒಣ ಸಿಂಬಿ ಎರಡು ಹೆಚ್ಚಿಗೆ ಇರಲಿ, ಅರ್ಧ ದಾರಿಗೆ ಒಂದು ಬದಲಿಸಿ. ಮೆರವಣಿಗೆಗೆ ಮುಂಚೆ ಒಬ್ಬರು ದಾರಿ ಪೂರ್ತಿ ನಡೆದು ಬಾಟಲಿ ಚೂರು, ಮುಳ್ಳು ನೋಡಿ ಬರುವುದೂ ಅಗತ್ಯ, ಕುಣಿಯುವುದು ಬರಿಗಾಲಲ್ಲಿ ಅಲ್ಲವೇ.

ಆಯೋಜಕರು ಕೆಸರಿನ ಮೇಲೆ ಗಿರಣಿಯ ಹೊಟ್ಟು ಸುರಿಸಿದ್ದರು. ಅವರ ಉದ್ದೇಶ ಒಳ್ಳೆಯದೇ, ಆದರೆ ಹೊಟ್ಟು ನೀರಿನ ಮೇಲೆ ತೇಲುತ್ತದೆ, ಕಾಲಿಗೆ ಮೆತ್ತಿಕೊಳ್ಳುತ್ತದೆ, ಕೆಳಗಿನ ಗುಂಡಿ ಮುಚ್ಚಿ ಮೋಸ ಮಾಡುತ್ತದೆ. ಹೇಳಿ ಕೇಳಿ ಒಂದು ಗಾಡಿ ಭತ್ತದ ಹುಲ್ಲು ತರಿಸಿ ಅಡ್ಡಡ್ಡಲಾಗಿ ಹರಡಿಸಿದ ಮೇಲೆ ಕಾಲು ನಿಂತಿತು.

ಗೆಜ್ಜೆಯ ಮಾತು ಯಾರೂ ಮುಂಚೆ ಹೇಳಿಕೊಡುವುದಿಲ್ಲ. ಕೆಸರಲ್ಲಿ ಹತ್ತು ನಿಮಿಷ ಕುಣಿದರೆ ಗೆಜ್ಜೆಯ ಸೀಳಿನಿಂದ ಜೇಡಿ ಒಳಗೆ ಹೋಗಿ ಗುಂಡನ್ನು ಹಿಡಿದುಕೊಳ್ಳುತ್ತದೆ. ಕಾಲಲ್ಲಿ ಐವತ್ತು ಗೆಜ್ಜೆ ಇದ್ದರೂ ಸದ್ದೇ ಇಲ್ಲ. ನಾವು ಬಕೆಟ್ ನೀರಿನಲ್ಲಿ ಪಟ್ಟಿಯನ್ನು ಅದ್ದಿ ಅಲುಗಿಸಿದೆವು. ಮೊದಲು ಕೆಂಪು ನೀರು, ಆಮೇಲೆ ಕದಡು, ಮೂರನೇ ಬಕೆಟ್ಟಿಗೆ ತಿಳಿಯಾಗಿ ಒಂದೊಂದೇ ಗೆಜ್ಜೆ ಬಾಯಿ ಬಿಟ್ಟಿತು. ಜೇಡಿ ಒಣಗಿಬಿಟ್ಟರೆ ಸೂಜಿ ಹಾಕಿ ಕೆದಕಬೇಕಾಗುತ್ತದೆ, ಆದ್ದರಿಂದ ಮೆರವಣಿಗೆ ಮುಗಿದ ಕೂಡಲೇ, ಊಟಕ್ಕೂ ಮುಂಚೆ ಈ ಕೆಲಸ ಮುಗಿಸಿ. ಮೆರವಣಿಗೆಗೆ ಒಂದು ಜೊತೆ, ವೇದಿಕೆಗೆ ಒಂದು ಜೊತೆ ಇಟ್ಟುಕೊಳ್ಳುವಷ್ಟು ಅನುಕೂಲ ಇದ್ದರೆ ಇನ್ನೂ ಒಳ್ಳೆಯದು.

ಊಟ ಮೂರೂವರೆಗೆ ಸಿಕ್ಕಿತು. ಮುದ್ದೆ, ಹುರುಳಿಕಾಳು ಸಾರು, ಅನ್ನ. ಬಡಿಸಿದವರು ಪ್ರೀತಿಯಿಂದ ಬಡಿಸಿದರು, ಅದನ್ನು ಹೇಳದೆ ಇರಬಾರದು.

ಬಟ್ಟೆ ಬದಲಿಸಲು ಕೊಟ್ಟಿದ್ದು ಶಾಲೆಯ ಒಂದು ಕೋಣೆ, ಅದರಲ್ಲಿ ನಾಲ್ಕು ತಂಡ. ನಮ್ಮ ಪಕ್ಕದಲ್ಲಿ ನಂಜನಗೂಡಿನ ಕಡೆಯಿಂದ ಬಂದ ಬೀಸು ಕಂಸಾಳೆಯ ಹುಡುಗರು ಇದ್ದರು. ಅವರ ಕಷ್ಟ ಬೇರೆ. ಕಂಸಾಳೆಯ ಬಟ್ಟಲು ಎಡಗೈಯಲ್ಲಿ, ಬಲಗೈಯ ತಟ್ಟೆಯನ್ನು ದಾರದಲ್ಲಿ ಬೀಸಿ ಬಟ್ಟಲಿಗೆ ತಾಗಿಸಬೇಕು. ದಾರ ನೆಂದರೆ ಭಾರವಾಗಿ ತಟ್ಟೆ ಬರಬೇಕಾದ ಹೊತ್ತಿಗೆ ಬರುವುದಿಲ್ಲ, ತಾಳ ತಪ್ಪುತ್ತದೆ. ಗಂಟೂ ಸಡಿಲವಾಗುತ್ತದೆ. ಬೀಸುವಾಗ ಗಂಟು ಬಿಚ್ಚಿದರೆ ಕಂಚಿನ ತಟ್ಟೆ ಎದುರಿಗಿರುವವರ ಮುಖಕ್ಕೆ ಹೋಗುತ್ತದೆ. ಅವರಲ್ಲಿ ಹಿರಿಯರೊಬ್ಬರು ಕೂತು ಹನ್ನೆರಡೂ ಜೊತೆಯ ದಾರ ಬಿಚ್ಚಿ, ಒಣ ದಾರ ಪೋಣಿಸಿ, ಎರಡೆರಡು ಗಂಟು ಹಾಕಿ, ಎಳೆದೆಳೆದು ನೋಡಿ ಕೊಟ್ಟರು. ಅದನ್ನು ನೋಡಿ ನಾವೂ ತಮಟೆಯ ಹೆಗಲ ಪಟ್ಟಿಗಳನ್ನೆಲ್ಲ ಬದಲಿಸಿದೆವು.

ಸಂಜೆ ಮತ್ತೆ ಮಳೆ. ವೇದಿಕೆಗೆ ಮೇಲೆ ಶೀಟು ಇತ್ತು, ಆದರೆ ಇರಚಲು ಹೊಡೆದು ಹಾಸಿದ್ದ ಕಾರ್ಪೆಟ್ ಮುಂದಿನ ಅರ್ಧ ನೆಂದಿತ್ತು. ನೆಂದ ಕಾರ್ಪೆಟ್, ಬರಿಗಾಲು, ಕಬ್ಬಿಣದ ಮೈಕ್ ಸ್ಟ್ಯಾಂಡ್, ಜನರೇಟರ್ ಕರೆಂಟು, ಈ ನಾಲ್ಕೂ ಕೂಡಿದರೆ ಜೀವಕ್ಕೇ ಅಪಾಯ. ನಮ್ಮ ಪೆಟ್ಟಿಗೆಯಲ್ಲಿ 40 ರೂಪಾಯಿಯ ಟೆಸ್ಟರ್ ಯಾವಾಗಲೂ ಇರುತ್ತದೆ. ಹತ್ತುವ ಮುಂಚೆ ಸ್ಟ್ಯಾಂಡಿಗೆ ಇಟ್ಟು ನೋಡಿದರೆ ಮಂಕಾಗಿ ಹತ್ತಿತು. ಸೌಂಡಿನವರಿಗೆ ತೋರಿಸಿದೆವು. ಅವರು ಹುಡುಕಿದಾಗ ಎಕ್ಸ್‌ಟೆನ್ಷನ್ ಬಾಕ್ಸೊಂದು ವೇದಿಕೆಯ ಕೆಳಗೆ ನೀರಿನಲ್ಲೇ ಕೂತಿತ್ತು, ಜನರೇಟರಿನ ಅರ್ತ್ ತಂತಿಯನ್ನು ಎಲ್ಲಿಗೂ ಕೊಟ್ಟಿರಲಿಲ್ಲ. ಕಬ್ಬಿಣದ ಸಲಾಕೆಯನ್ನು ಹಸಿ ನೆಲಕ್ಕೆ ಆಳವಾಗಿ ಹೊಡೆದು ತಂತಿ ಬಿಗಿದು, ಬಾಕ್ಸನ್ನು ಇಟ್ಟಿಗೆಯ ಮೇಲೆತ್ತಿ, ಅದರ ಮೇಲೆ ಬಕೆಟ್ ಬೋರಲು ಹಾಕಿದರು. ಇನ್ನೊಮ್ಮೆ ಟೆಸ್ಟರ್ ಇಟ್ಟಾಗ ಹತ್ತಲಿಲ್ಲ. ಇದಕ್ಕೆ 25 ನಿಮಿಷ ಹೋಯಿತು, ನಿರೂಪಕರು ಎರಡು ಸಲ ನಮ್ಮ ಹೆಸರು ಕೂಗಿದರು. ಕೂಗಲಿ ಬಿಡಿ. ಟೆಸ್ಟರ್ ಹತ್ತುತ್ತಿರುವಾಗ ಯಾರು ಎಷ್ಟೇ ಒತ್ತಾಯ ಮಾಡಿದರೂ ಮೇಲೆ ಹತ್ತಬೇಡಿ. ಬಾಡಿಗೆ ಸೌಂಡು ಮಾತಾಡುವಾಗಲೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ ಎಂದು ಆಯೋಜಕರಿಗೆ ಹೇಳಿ. ಸೋರಿಕೆಯಾದ ಕ್ಷಣವೇ ಕರೆಂಟು ಕಡಿಯುವ ಸ್ವಿಚ್ಚು ಅದು.

ವೇದಿಕೆಗೆ ನಮ್ಮದು ಆರೂವರೆ ಎಂದಿತ್ತು, ಹತ್ತಿದ್ದು 8.50ಕ್ಕೆ. ಈ ಸಲ ಬೆಳಗಿನ ತಪ್ಪು ಮಾಡಲಿಲ್ಲ. ವೇದಿಕೆ ನೋಡಿಕೊಳ್ಳುತ್ತಿದ್ದವರ ಹತ್ತಿರ ಒಂದೇ ಮಾತು: "ನಮಗಿಂತ ಮುಂಚಿನ ತಂಡ ಮೆಟ್ಲು ಹತ್ತಿದ ತಕ್ಷಣ ಒಂದು ಕೂಗು ಹಾಕಿ ಅಣ್ಣ, ಅಷ್ಟು ಸಾಕು." ಕೆಂಡ ಮಾತ್ರ ಆರದ ಹಾಗೆ ಬಾಂಡ್ಲಿಯಲ್ಲಿ ಕಾಪಾಡಿಕೊಂಡು, ನಗಾರಿಯನ್ನು ಅದರ ಕಾವಿನಲ್ಲೇ ಇಟ್ಟಿದ್ದೆವು. ಶಾಲೆಯ ಜಗಲಿಯ ಮಾಡಿನ ಕೆಳಗೆ, ಕಾರ್ಯಕರ್ತರನ್ನು ಕೇಳಿಕೊಂಡೇ ಬೆಂಕಿ ಹಾಕಿದೆವು, ಪಕ್ಕದಲ್ಲಿ ಎರಡು ಬಕೆಟ್ ನೀರು ಇಟ್ಟುಕೊಂಡು. ಕೂಗು ಬಂದ ಮೇಲೆ ಉಳಿದಿದ್ದ ಸೋಗೆ ಮತ್ತು ಹುಲ್ಲಿನಲ್ಲಿ ಐದು ತಮಟೆ ಕಾಯಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿ ಒಯ್ದೆವು. ಆರನೆಯದರ ಅಂಚು ಮಧ್ಯಾಹ್ನವೇ ಎರಡು ಬೆರಳಗಲ ಎದ್ದಿತ್ತು. ಅದರ ಜಾಗಕ್ಕೆ ಫೈಬರ್ ತಮಟೆ.

ಫೈಬರ್ ತಮಟೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಮುಖ, ನಟ್ಟು ಬೋಲ್ಟಿನಲ್ಲಿ ಬಿಗಿಯುವುದು, ಕಾಯಿಸುವ ಗೊಡವೆ ಇಲ್ಲ, ಮಳೆಗೂ ಜಗ್ಗುವುದಿಲ್ಲ. ಎಡಗೈಯ ಬಿದಿರು ಕಡ್ಡಿಯ ಏಟು ಅದರಲ್ಲಿ ಚೆನ್ನಾಗಿ ಸಿಡಿಯುತ್ತದೆ. ಬಲಗೈಯ ಗಿಡ್ಡ ಕೋಲಿನ ಏಟಿಗೆ ಚರ್ಮದಲ್ಲಿ ಬರುವ ಆ ತುಂಬಿದ ಧಿಮ್ಮು ಮಾತ್ರ ಬರುವುದಿಲ್ಲ. ಆರರಲ್ಲಿ ಒಂದು ಫೈಬರ್ ಇದ್ದರೆ ಉಳಿದ ಐದು ಅದನ್ನು ಹೊತ್ತುಕೊಂಡು ಹೋಗುತ್ತವೆ. ಆರೂ ಫೈಬರ್ ಆದರೆ ಕೇಳುವವರ ಕಿವಿ ಹತ್ತು ನಿಮಿಷಕ್ಕೆ ದಣಿಯುತ್ತದೆ. ಮಳೆಗಾಲಕ್ಕೆ ಒಂದೋ ಎರಡೋ ಇಟ್ಟುಕೊಳ್ಳಿ, ಚರ್ಮ ಬಿಡಬೇಡಿ.

ಒಪ್ಪಿದ್ದು ಅರ್ಧ ಗಂಟೆ, ಕೊಟ್ಟದ್ದು ಹದಿನೈದು ನಿಮಿಷ. ಇದು ಆಗಿಯೇ ಆಗುತ್ತದೆ. ಮೊದಲೇ ಮೂವತ್ತಕ್ಕೆ, ಹದಿನೈದಕ್ಕೆ, ಎಂಟಕ್ಕೆ ಮೂರು ಕಟ್ಟು ಮಾಡಿಕೊಂಡು ಕಲಿತಿರಿ. ನಮ್ಮ ಹದಿನೈದರ ಕಟ್ಟಿನಲ್ಲಿ ಹಾಡು ಒಂದು ಚರಣ, ನಿಧಾನದ ಗತ್ತು ಇಲ್ಲ, ನೇರ ಜೋರಿಗೆ ಹೋಗಿ ಕೊನೆಗೆ ಪೂಜೆ. ಒಂದು ಲೆಕ್ಕಕ್ಕೆ ಅದೇ ಒಳ್ಳೆಯದಾಯಿತು, ಹದಿನಾಲ್ಕನೇ ನಿಮಿಷಕ್ಕೆ ತಮಟೆಯ ಶ್ರುತಿ ಇಳಿಯತೊಡಗಿದ್ದು ಬಾರಿಸುವ ಕೈಗೆ ತಿಳಿಯುತ್ತಿತ್ತು. ಆದರೆ ಪೂಜೆ ತಲೆಗೇರಿದಾಗ ಕೊಡೆ ಹಿಡಿದು ಕೆಸರಲ್ಲೇ ನಿಂತಿದ್ದ ಜನ ಕೊಡೆ ಇಳಿಸಿ ಕೈ ಮುಗಿದರು. ಬೆಳಗಿನಿಂದ ಆದ ಆಯಾಸ ಅಲ್ಲಿಗೆ ಇಳಿಯಿತು.

ಕೆಳಗಿಳಿದ ಕೂಡಲೇ ಹಾಜರಿ ಪುಸ್ತಕದಲ್ಲಿ ಹತ್ತೂ ಜನರ ಸಹಿ ಮಾಡಿಸಿ. ಬ್ಯಾನರ್ ಕಾಣುವ ಹಾಗೆ, ತಾರೀಖು ಮತ್ತು ಜಾಗ ಬೀಳುವ ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲಿಗೆ ಅದನ್ನು ಕೇಳುತ್ತಾರೆ. ಮಳೆಯಲ್ಲಿ ಬ್ಯಾನರ್ ಬಿಚ್ಚಿಬಿಟ್ಟರೆ ಆಮೇಲೆ ಸಾಕ್ಷಿ ಇಲ್ಲ, ಹಾಗಾಗಿ ನಾವು ಬೆಳಿಗ್ಗೆಯೇ ಒಂದು ತೆಗೆದಿದ್ದೆವು. ಮಾತಾದದ್ದು 25,000 ರೂಪಾಯಿ, ಆ ರಾತ್ರಿ ಕೈಗೆ ಬಂದದ್ದು 5,000 ಮುಂಗಡ, ಉಳಿದದ್ದು ಖಾತೆಗೆ ಹಾಕುತ್ತೇವೆ ಎಂದಿದ್ದಾರೆ. ಖರ್ಚು ಟೆಂಪೊಗೆ 4,500, ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟಕ್ಕೆ 1,600, ಇದ್ದಿಲು, ದಾರ, ಪ್ಲಾಸ್ಟಿಕ್ ಎಲ್ಲಾ ಸೇರಿ 450. ಮುಂಗಡ ಗಾಡಿ ಬಾಡಿಗೆಗಿಂತ ಕಡಿಮೆ ಇರುವ ಕಾರ್ಯಕ್ರಮ ಒಪ್ಪಬೇಡಿ ಎಂದು ಹೇಳುವುದು ಈ ಲೆಕ್ಕದಿಂದಲೇ.

ಮನೆಗೆ ಬಂದ ರಾತ್ರಿಯೇ ತಮಟೆಗಳನ್ನು ಕಟ್ಟಿನಿಂದ ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ತೂಗುಹಾಕಬೇಕು. ಬೇಗ ಒಣಗಲಿ ಎಂದು ಮಾರನೆಯ ಬಿಸಿಲಿಗೆ ಇಟ್ಟರೆ ಮುಖ ಒಣಗಿ ಅಂಚು ಹಸಿ ಉಳಿದು, ಎಳೆತ ಏರುಪೇರಾಗಿ ಚರ್ಮ ಬಿರಿಯುತ್ತದೆ. ಎರಡು ದಿನ ನೆರಳು, ಮೂರನೆಯ ದಿನ ಎಳೆಬಿಸಿಲು. ಗೆಜ್ಜೆಗೆ ತೆಂಗಿನೆಣ್ಣೆ ಸವರಿ, ಪೂಜೆಯ ಸೀರೆಗಳನ್ನು ಪೂರ್ತಿ ಬಿಚ್ಚಿ ಒಗೆದು, ಬಿದಿರಿನ ಕಟ್ಟುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿಟ್ಟಿದ್ದೇವೆ. ಅಂಚು ಎದ್ದ ಆರನೆಯ ತಮಟೆಯ ಹಳೆಯ ಚರ್ಮ ಬಿಡಿಸಿ, ಬಳೆಯ ಮೇಲಿನ ಹಳೆ ಅಂಟನ್ನು ಗಾಜಿನ ಚೂರಿನಿಂದ ಕೆರೆದಾಗಿದೆ. ಹೊಸ ಚರ್ಮ ನಿನ್ನೆ ರಾತ್ರಿ ನೀರಿಗೆ ಹಾಕಿದ್ದೇವೆ, ಇವತ್ತು ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು ನೆನೆಸಬೇಕು. ಇನ್ನು ಮೂರು ನಾಲ್ಕು ದಿನ ಮಳೆ ಬಿಡುವು ಕೊಟ್ಟರೆ ಸ್ವಾತಿ ಹುಟ್ಟುವುದರೊಳಗೆ ಅದು ಒಣಗುತ್ತದೆ.